ತಿಪ್ಪಕ್ಕನ ಮೂರನೇ ಅರ್ಜಿ

ತಾನು ವಿಧವೆಯಾಗಿ ನಾಲ್ಕು ತಿಂಗಳಾಯಿತು ಎಂಬ ಸುದ್ದಿ ಜಂಬವ್ವನಿಗೆ ತಿಳಿದದ್ದು ರೊಟ್ಟಿ ಬಡಿಯುವಾಗ. ಸತ್ತಿದ್ದ ಗಂಡ ಕೆಂಚಣ್ಣ ಆ ಹೊತ್ತಿಗೆ ಹೊರಗಿನ ಕಟ್ಟೆಯ ಮೇಲೆ ಕೂತು ಪುಂಡಿಸೊಪ್ಪು ಬಿಡಿಸುತ್ತಿದ್ದ.

ಸುದ್ದಿ ಹೇಳಿದವಳು ಹೊಸಪೇಟೆ ಕೋರ್ಟಿನಲ್ಲಿ ವಕೀಲಿ ಮಾಡುವ ಕಾವ್ಯ. ಇಂಗ್ಲೆಂಡಿನ ವೀಸಾ ಕಚೇರಿಯಿಂದ ಬಂದ ಎರಡು ಕಾಗದಗಳನ್ನು ಓದಿ ಅರ್ಥ ಹೇಳಲಿ ಎಂದು ದುರುಗೇಶ್ ಅವಳನ್ನು ಕಡ್ಡಿರಾಂಪುರಕ್ಕೆ ಕರೆತಂದಿದ್ದ.

ಹಂಪಿಗೆ ಹೋಗುವ ರಸ್ತೆಯ ಪಕ್ಕ ಇವರದೊಂದು ತಗಡಿನ ಹೋಟೆಲು. ಮುಂದೆ ಹೋಟೆಲು, ಹಿಂದೆ ಮನೆ. ನಡೆಸುವವನು ದುರುಗೇಶ್. ರೊಟ್ಟಿ ಜಂಬವ್ವನದು, ಪಲ್ಯ ಚಟ್ನಿ ತಿಪ್ಪಕ್ಕನದು, ಗಲ್ಲಾದ ಮುಂದೆ ಕೂತು ಎಲ್ಲರಿಗೂ ಬುದ್ಧಿ ಹೇಳುವ ಕೆಲಸ ಕೆಂಚಣ್ಣನದು. ತಿಪ್ಪಕ್ಕ ಕೆಂಚಣ್ಣನ ಒಡಹುಟ್ಟಿದ ತಂಗಿ. ದುರುಗೇಶ್ ಅವಳ ಮಗ. ಮಗಳು ಅನುಸೂಯಾ ನರ್ಸಿಂಗ್ ಓದಿ ಇಂಗ್ಲೆಂಡಿನ ಲೀಡ್ಸ್ ಎಂಬ ಊರಿನ ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದಾಳೆ. ಗಂಡ ಕಿರಣ್ ಕುಮಾರ್ ಕಂಪ್ಲಿಯವನು, ಅವನೂ ಅಲ್ಲೇ ನರ್ಸು. ಅನುಸೂಯಾಳಿಗೆ ಈಗ ಏಳು ತಿಂಗಳು. ಚೊಚ್ಚಲ ಹೆರಿಗೆ ತವರಿನಲ್ಲಾಗಬೇಕು. ಮಗಳು ಬರಲಾಗದಿದ್ದರೆ ತವರೇ ಎದ್ದು ಹೋಗಬೇಕು. ಹಾಗೆ ಹೊರಟ ತಿಪ್ಪಕ್ಕ ಎರಡು ಸಲ ಅರ್ಜಿ ಹಾಕಿದ್ದಳು. ಎರಡು ಸಲವೂ ವೀಸಾ ಇಲ್ಲ ಎಂದು ಬಂದಿತ್ತು.

"ಮೊದಲನೇ ಅರ್ಜಿಯಾಗ ತಿಪ್ಪಕ್ಕ ವಿಧವೆ ಅಂತ ಐತಿ," ಎಂದಳು ಕಾವ್ಯ. "ತೀರಿಹೋದ ಗಂಡನ ಹೆಸರು ಕೆಂಚಣ್ಣ. ಮರಣ ಪತ್ರ ಎಲ್ಲಿ ಅಂತ ಕೇಳ್ಯಾರ."

ಜಂಬವ್ವನ ಕೈ ರೊಟ್ಟಿ ಬಡಿಯುವ ಕೊಣಮಿಗೆಯ ಮೇಲೆಯೇ ನಿಂತಿತು. "ಯಾವ ಕೆಂಚಣ್ಣ?"

ದುರುಗೇಶ್ ತನ್ನ ಚಪ್ಪಲಿ ನೋಡಿಕೊಂಡ.

"ಎರಡನೇ ಅರ್ಜಿಯಾಗ ವಿವಾಹಿತೆ ಅಂತ ಐತಿ. ಗಂಡ ಕೆಂಚಣ್ಣ, ಜೀವಂತ ಅದಾರ. ನಾಲ್ಕು ತಿಂಗಳ ಹಿಂದ ಸತ್ತವರು ಈಗ ಹೆಂಗ ಬದುಕಿದ್ರು, ಗಂಡ ಹೆಂಡ್ತಿ ಇಬ್ಬರಿಗೂ ತಂದಿ ಹೆಸರು ಎರ್ರಿಯಪ್ಪ ಅಂತ ಒಂದೇ ಹೆಂಗ ಐತಿ, ಈಕಿ ನಿಜವಾಗ್ಲೂ ಅನುಸೂಯಾನ ತಾಯಿ ಹೌದೋ ಅಲ್ಲೋ ನಮಗ ನಂಬಿಕಿ ಬರವಲ್ಲದು ಅಂತ ಬರದಾರ."

"ಹಂಗಾರ ಸತ್ತು ಎದ್ದು ಬಂದು ಒಡಹುಟ್ಟಿದ ತಂಗೀನ್ನ ಕಟ್ಕಂಡನೇನು ನನ್ನ ಗಂಡ?" ಜಂಬವ್ವ ಹಿಟ್ಟಿನ ಕೈಯಲ್ಲೇ ಎದ್ದು ನಿಂತಳು. "ಲೇ ದುರುಗ್ಯಾ, ಯಾರು ಬರದದ್ದು ಇದನ್ನ?"

"ಮೊದಲನೇದು ನಾನೇ ಅತ್ತಿ. ಕಂಪ್ಯೂಟರ್ ಸೆಂಟರಿನಾಗ ಕುಂತು ಬರದೆ. ಕಂಪ್ಲಿಯವರಿಗೆ ಅವ್ವ ವಿಧವೆ ಅಂತ ಹೇಳೇವಲ್ಲ, ಅದಕ್ಕ ಹಂಗ ಹಾಕಿದೆ. ಅಕ್ಕನ ಪಾಸ್‌ಪೋರ್ಟಿನಾಗ ತಂದಿ ಹೆಸರು ಮಾವಂದೈತಿ. ಗಂಡನ ಹೆಸರು ಬ್ಯಾರೆ ಹಾಕಿದ್ರ ಹೊಂದಂಗಿಲ್ಲಲ್ಲ. ಎರಡನೇದು ಏಜೆಂಟ್ ಬರದ. ಸತ್ತವರಿಗೆ ಸರ್ಟಿಫಿಕೇಟ್ ಬೇಕು, ಬದುಕಿದ್ದವರಿಗೆ ಬ್ಯಾಡ ಅಂದ."

"ತಿಪ್ಪಕ್ಕ, ನೀ ಸಹಿ ಹಾಕುವಾಗ ಕೇಳಲಿಲ್ಲೇನು?"

ತಿಪ್ಪಕ್ಕ ಶೇಂಗಾ ಹುರಿಯುತ್ತಿದ್ದಳು. "ಎಲ್ಲಿ ಹಾಕು ಅಂದ್ರು, ಅಲ್ಲಿ ಹಾಕಿದೆ ಅತ್ತಿಗಿ. ಮಗಳನ್ನ ನೋಡೋದೊಂದೇ ತಲ್ಯಾಗಿತ್ತು," ಎಂದಳು.

ಇದರ ಬೇರು ಹುಡುಕಿದರೆ ನಲವತ್ತು ವರ್ಷ ಹಿಂದಕ್ಕೆ ಹೋಗಬೇಕು. ತಿಪ್ಪಕ್ಕನಿಗೆ ಹನ್ನೊಂದು ವರ್ಷವಾದಾಗ ಅಪ್ಪ ಎರ್ರಿಯಪ್ಪ ಅವಳಿಗೆ ಮುತ್ತು ಕಟ್ಟಿಸಿ ದೇವಿಗೆ ಬಿಟ್ಟಿದ್ದ. ಹಾಗೆ ಬಿಟ್ಟವರಿಗೆ ಮದುವೆಯಿಲ್ಲ, ಗಂಡನಿಲ್ಲ. ಮಕ್ಕಳಾದರೆ ಅವು ತಾಯಿಯವು. ಮಕ್ಕಳನ್ನು ಶಾಲೆಗೆ ಹಾಕಲು ಹೋದಾಗ ಹೆಡ್‌ಮಾಸ್ತರರು ತಂದೆಯ ಹೆಸರಿಲ್ಲದೆ ಪುಸ್ತಕದಲ್ಲಿ ಬರೆಯುವುದಿಲ್ಲ ಎಂದರು. ಕೆಂಚಣ್ಣ ಎದೆ ಮುಟ್ಟಿಕೊಂಡು "ನನ್ನ ಹೆಸರು ಬರಕಳ್ರಿ" ಎಂದ. ಈ ಸೀಮೆಯಲ್ಲಿ ಇಂಥ ಮಕ್ಕಳಿಗೆ ಸೋದರಮಾವನ ಹೆಸರು ಬರೆಸುವುದು ವಾಡಿಕೆ. ಹಳ್ಳಿಯಲ್ಲಿ ಯಾರೂ ಹುಬ್ಬೇರಿಸುವುದಿಲ್ಲ. ಶಾಲೆಯ ಆ ಹೆಸರು ಮಾರ್ಕ್ಸ್ ಕಾರ್ಡಿಗೆ ಹೋಯಿತು, ಅಲ್ಲಿಂದ ಪಾಸ್‌ಪೋರ್ಟಿಗೆ ಹತ್ತಿತು, ಪಾಸ್‌ಪೋರ್ಟಿನ ಜೊತೆ ಸಮುದ್ರ ದಾಟಿತು. ವಾಡಿಕೆ ಮಾತ್ರ ಊರಲ್ಲೇ ಉಳಿಯಿತು.

"ಇನ್ನೊಂದು ಸಲ ಹಾಕಬೌದೇನು ಮೇಡಂ?" ದುರುಗೇಶ್ ಕೇಳಿದ.

"ಹಾಕಬೌದು. ಆದ್ರ ಇದ್ದದ್ದು ಇದ್ದಂಗ ಬರೀಬೇಕು. ಇನ್ನೊಂದು ಸುಳ್ಳು ಸಿಕ್ಕರ ಹತ್ತು ವರ್ಷ ಆ ಕಡೆ ತಲಿ ಹಾಕಂಗಿಲ್ಲ. ತಿಪ್ಪಕ್ಕನ ಮಾತು, ಕೆಂಚಣ್ಣನ ಮಾತು, ಎರಡೂ ನೋಟರಿ ಮುಂದ ಪ್ರಮಾಣ ಆಗಬೇಕು. ನಾನು ಸೋದರಮಾವ, ತಂದಿ ಅಲ್ಲ ಅಂತ ಕೆಂಚಣ್ಣ ಸಹಿ ಮಾಡಬೇಕು."

ಹೊರಗಿನಿಂದ ಕೆಂಚಣ್ಣನ ದನಿ ಬಂತು. "ಆಗಂಗಿಲ್ಲ."

ಸೊಪ್ಪಿನ ಬುಟ್ಟಿ ಅಲ್ಲೇ ಬಿಟ್ಟು ಅವನು ಎದ್ದು ಹೋದ. ಆ ದಿನ ಹೋಟೆಲಿನಲ್ಲಿ ಪುಂಡಿಪಲ್ಯ ಇರಲಿಲ್ಲ.

ಮುಂದಿನ ಒಂದು ವಾರ ಮನೆಯಲ್ಲಿ ಊಟಕ್ಕಿಂತ ಜಗಳ ಹೆಚ್ಚು ಬಡಿಸಲಾಯಿತು. ಕೆಂಚಣ್ಣನದು ಒಂದೇ ಹಟ: ಮಾಸ್ತರರ ಮುಂದೆ ಒಮ್ಮೆ ಕೊಟ್ಟ ಹೆಸರು, ವಾಪಸು ತಗೊಳ್ಳುವುದಿಲ್ಲ.

"ನಾಳೆ ಆ ಹುಡುಗಿ ನೌಕರಿ ಹೋದ್ರ?" ಎನ್ನುತ್ತಿದ್ದ ರೊಟ್ಟಿ ಮುರಿಯುತ್ತ. "ತಂದಿ ಹೆಸರೇ ಸುಳ್ಳು ಅಂದ್ರ ಸರ್ಟಿಫಿಕೇಟ್ ಎಲ್ಲಾ ಸುಳ್ಳು ಅನ್ನಂಗಿಲ್ಲೇನು?"

"ಹೆಸರು ಅಳಸಾಕ ಹೇಳಿಲ್ಲ ಮಾವ. ಯಾಕ ಬರಸಿದ್ರಿ ಅಂತ ಹೇಳ್ರಿ ಅಂದಾರ, ಅಷ್ಟ. ವಕೀಲ್ರೇ ಹೇಳ್ಯಾರ, ನೌಕರಿಗೆ ಏನೂ ಆಗಂಗಿಲ್ಲಂತ," ಎನ್ನುತ್ತಿದ್ದ ದುರುಗೇಶ್.

"ವಕೀಲ್ರಿಗೇನು ಗೊತ್ತಲೇ? ಧಾರಿ ಎರದವನು ನಾನು. ಕಂಪ್ಲಿ ಮಂದಿ ನನ್ನ ಮಾರಿಗೆ ಉಗಳಂಗಿಲ್ಲೇನು?"

ಅದೂ ನಿಜವೇ. ಅನುಸೂಯಾಳ ಮದುವೆಯಲ್ಲಿ ತಿಪ್ಪಕ್ಕನನ್ನು ವಿಧವೆ ಎಂದು ಹೇಳಿ ಹಿಂದೆ ನಿಲ್ಲಿಸಿ, ಕೆಂಚಣ್ಣ ಜಂಬವ್ವ ಜೋಡಿಯಾಗಿ ಧಾರೆ ಎರೆದಿದ್ದರು. ಅಳಿಯ ಕಿರಣ್‌ಗೆ ಅನುಸೂಯಾ ಮದುವೆಗೆ ಮುಂಚೆಯೇ ಎಲ್ಲ ಹೇಳಿದ್ದಳು. ಅವನ ತಾಯಿ ವಿರುಪಮ್ಮನಿಗೆ ಮಾತ್ರ ಇಂದಿಗೂ ಗೊತ್ತಿಲ್ಲ. ಅಂದಿನಿಂದ ಕಂಪ್ಲಿಯ ಬೀಗರು ಬರುವ ದಿನ ತಿಪ್ಪಕ್ಕ ಹಣೆ ಒರೆಸಿಕೊಳ್ಳುತ್ತಾಳೆ. ದೇವಿಗೆ ಬಿಟ್ಟವಳು ಎಂದೂ ವಿಧವೆಯಾಗುವುದಿಲ್ಲ ಎಂದು ಊರೇ ಕರೆದು ಉಡಿ ತುಂಬುತ್ತಿದ್ದ ತಿಪ್ಪಕ್ಕ ಮಗಳ ಸಂಸಾರಕ್ಕಾಗಿ ಬೋಳು ಹಣೆಯಲ್ಲಿ ಕೂರುತ್ತಿದ್ದಳು. ಜಂಬವ್ವ ಅದನ್ನು ನೋಡಿ ನೋಡಿ ಸಾಕಾಗಿದ್ದಳು, ಆದರೆ ಬಾಯಿಬಿಟ್ಟಿರಲಿಲ್ಲ.

ಅಷ್ಟರಲ್ಲಿ ಏಜೆಂಟನ ಫೋನು ಬಂತು. ಮನೆಯ ಮೂವರು ಹಿರಿಯರಿಗೂ ಪಾಸ್‌ಪೋರ್ಟ್ ಇದೆಯಲ್ಲ, ಹಿಂದೆ ವೀಸಾ ತಿರಸ್ಕಾರ ಆಗದವರು ಯಾರಾದರೂ ಹೋಗಲಿ, ಜಂಬವ್ವ ಅತ್ತೆ ಅಂತ ಹಾಕಿದರೆ ಸಲೀಸು ಎಂದ.

"ನೀ ಹೋಗು ಅತ್ತಿಗಿ," ಎಂದಳು ತಿಪ್ಪಕ್ಕ. "ನೀನೂ ಎತ್ತಿ ಆಡಿಸಿದಾಕಿ. ಯಾರಾದ್ರೂ ಒಬ್ಬರು ಹತ್ತರ ಇದ್ರ ಸಾಕು ಅದಕ್ಕ."

ಜಂಬವ್ವ ಬ್ಯಾಡ ಎನ್ನಲಿಲ್ಲ. ನಿಜ ಹೇಳಬೇಕೆಂದರೆ ಅವಳಿಗೆ ಹೋಗಬೇಕೆಂದು ಪ್ರಾಣ ಹೋಗುವಷ್ಟು ಆಸೆ. ಹೊಟ್ಟೆಯಲ್ಲಿ ಒಂದು ಮಗು ಹುಟ್ಟಲಿಲ್ಲ. ಅನುಸೂಯಾಳನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಹೋಟೆಲಿಗೆ ಇಡ್ಲಿ ತಿನ್ನಲು ಬಂದ ಬಿಳಿ ಹೆಂಗಸೊಬ್ಬಳನ್ನು ನೋಡುತ್ತ, "ಲೇ ದುರುಗ್ಯಾ, ಇವರ ಊರಾಗ ಚಳಿ ಎಷ್ಟಿರತೈತಿ ಕೇಳು," ಎಂದಳು. ಮರುದಿನ ಸ್ವೆಟರಿನ ಬೆಲೆ ಕೇಳಿದಳು. ಮೂರನೆಯ ದಿನ, ತಿಪ್ಪಕ್ಕ ಬಾವಿಯ ಕಡೆ ಹೋಗಿದ್ದಾಗ, ಅನುಸೂಯಾಳ ವಿಡಿಯೋ ಕಾಲ್ ಬಂತು.

"ಅನುಸೂಯಾ, ನಿಮ್ಮವ್ವಗ ಆಗಲಿಲ್ಲಂದ್ರ ನಾ ಬರ್ಲೇನವ್ವ?"

ಫೋನಿನಲ್ಲಿ ಅನುಸೂಯಾಳ ಮುಖ ಊದಿಕೊಂಡಿತ್ತು. ಅವಳು ಮೊದಲು ಕೆಳಗೆ ನೋಡಿ ಕಣ್ಣು ಒರೆಸಿಕೊಂಡು, "ಬಾ ಅತ್ತಿ. ನೀ ಬಂದ್ರ ಛಲೋನ ಆಗತೈತಿ," ಎಂದಳು.

ಹುಡುಗಿಗೆ ಬೇಕಾದದ್ದು ತಾಯಿಯೇ ಎಂದು ತಿಳಿಯಲು ಜಂಬವ್ವನಿಗೆ ಆ ತಡವೇ ಸಾಕಾಯಿತು. ಹುಡುಗಿಯದು ತಪ್ಪಲ್ಲ, ಹೆರಿಗೆ ನೋವಿನಲ್ಲಿ ಯಾರೂ ಅತ್ತೀ ಎಂದು ಕೂಗುವುದಿಲ್ಲ. ಹೊಟ್ಟೆಯುರಿ ಆಯಿತು, ತನ್ನ ಹಣೆಬರಹಕ್ಕೆ ಸಿಟ್ಟೂ ಬಂತು. ಆ ಸಿಟ್ಟನ್ನೆಲ್ಲ ಕೂಡಿಸಿಕೊಂಡು ಮಧ್ಯಾಹ್ನ ಊಟಕ್ಕೆ ಕೂತ ಗಂಡನ ಮುಂದೆ ನಿಂತಳು. ತಾಟು ಇಡಲಿಲ್ಲ.

"ಸಹಿ ಮಾಡಂಗಿಲ್ಲ ಅಂತೀಯಲ್ಲ, ನಿನಗ ಏನು ಹೋಗತೈತಿ ಹೇಳು."

"ಮೂವತ್ತು ವರ್ಷ ಆ ಮಕ್ಕಳ ತಲಿ ಮ್ಯಾಲೆ ನನ್ನ ಹೆಸರು ಐತೇ."

"ಐತಿ. ಯಾಕ ಐತಿ, ಅದನ್ನೂ ಹೇಳು."

ಕೆಂಚಣ್ಣ ನೀರಿನ ಚೊಂಬು ಹತ್ತಿರ ಎಳೆದುಕೊಂಡ.

"ನೀ ಹೇಳಂಗಿಲ್ಲ, ನಾನೇ ಹೇಳ್ತೀನಿ. ಸಣ್ಣಾವಿದ್ದಾಗ ನಿನಗ ಜ್ವರ ಬಂದು ಬದುಕಂಗಿಲ್ಲ ಅಂತಾದಾಗ ನಿಮ್ಮಪ್ಪ ಹರಕಿ ಹೊತ್ತ. ಗಂಡುಮಗ ಉಳಿದ್ರ ಹೆಣ್ಣುಮಗಳನ್ನ ಬಿಡ್ತೀನಿ ಅಂದ. ನೀ ಉಳಿದಿ, ಆಕೀನ್ನ ಬಿಟ್ರು. ನಿನ್ನ ಜೀವಕ್ಕ ಆಕಿ ತನ್ನ ಬಾಳೇವನೇ ಕೊಟ್ಟಾಳ. ನೀ ಕೊಟ್ಟದ್ದು ಬರೇ ಹೆಸರು. ಈಗ ಆ ಹೆಸರೇ ಆಕಿ ಕಾಲಿಗೆ ತೊಡರಿ ಬಿದ್ದೈತಿ. ಬಿಡಿಸ್ತೀಯೋ ಇಲ್ಲೋ?"

ಬಾಗಿಲಲ್ಲಿ ನೀರಿನ ಕೊಡ ಹಿಡಿದು ನಿಂತಿದ್ದ ತಿಪ್ಪಕ್ಕ, "ಅತ್ತಿಗಿ, ಸಾಕು ಬಿಡು. ಅಣ್ಣಗ ಯಾಕ ಅಂತಿ," ಎಂದಳು.

"ನೀ ಸುಮ್ಮಕಿರು. ನಲವತ್ತು ವರ್ಷ ನೀ ಸುಮ್ಮಕಿದ್ದದ್ದಕ್ಕ ಇದೆಲ್ಲಾ ಆಗಿದ್ದು."

"ಸುಮ್ಮಕಿರಾಕ ನೀನೇ ಅಂತಿ, ಸುಮ್ಮಕಿದ್ದದ್ದಕ್ಕ ನೀನೇ ಬೈತಿ," ಎಂದಳು ತಿಪ್ಪಕ್ಕ. ಜಂಬವ್ವನಿಗೆ ನಗು ಬಂದಿತಾದರೂ ನಗಲಿಲ್ಲ.

ಕೆಂಚಣ್ಣ ಊಟ ಮಾಡದೆ ಎದ್ದು, ಬಾಳೆ ತೋಟದ ಕಡೆ ಹೋದ. ಸಂಜೆ ಬಂದವನು ದುರುಗೇಶನಿಗೆ, "ಆ ವಕೀಲಮ್ಮನ್ನ ಕೇಳು, ಯಾವತ್ತು ಬರಬೇಕಂತ," ಎಂದ. ಜಂಬವ್ವ ಅವನಿಗೆ ಮಧ್ಯಾಹ್ನದ ರೊಟ್ಟಿಯನ್ನೇ ಕಾಸಿ ಕೊಟ್ಟಳು. ಅವನು ಎರಡು ರೊಟ್ಟಿ ಹೆಚ್ಚೇ ತಿಂದ.

ಇನ್ನೊಂದು ತೊಡಕು ಉಳಿದಿತ್ತು. ಕರೆಸಿಕೊಳ್ಳುವ ಕಾಗದವನ್ನು ಕಿರಣ್ ಬರೆಯಬೇಕು, ಅದರಲ್ಲಿ ಅತ್ತೆಯ ನಿಜ ಸಂಗತಿ ಬರೆಯಬೇಕು. "ಬರೀತೀನಿ ಅತ್ತಿ, ನನ್ನದೇನೂ ಇಲ್ಲ," ಎಂದ ಫೋನಿನಲ್ಲಿ. "ಆದ್ರ ನಮ್ಮವ್ವಗ ಬ್ಯಾರೆಯವರ ಬಾಯಿಂದ ಗೊತ್ತಾಗೋದು ಬ್ಯಾಡ. ನಾ ಫೋನಿನಾಗ ಹೇಳಿದ್ರ ಆಕಿ ಫೋನ್ ಇಡ್ತಾಳ." ಮೇಲಾಗಿ ವಿರುಪಮ್ಮ ಆಗಲೇ, ತಿಪ್ಪಕ್ಕನ ಕೈಲಿ ಆಗದಿದ್ದರೆ ತಾನೇ ಹೋಗುತ್ತೇನೆಂದು ಪಾಸ್‌ಪೋರ್ಟಿಗೆ ಫೋಟೋ ತೆಗೆಸಿದ್ದಳು.

ಎದುರೆದುರೇ ಹೇಳಿಬಿಡೋಣವೆಂದು ಜಂಬವ್ವ, ತಿಪ್ಪಕ್ಕ ಇಬ್ಬರೂ ಸೋಮವಾರ ಕಂಪ್ಲಿ ಬಸ್ಸು ಹತ್ತಿದರು. ಕಂಡಕ್ಟರು ಆಧಾರ್ ನೋಡಿ ಪುಕ್ಕಟೆ ಟಿಕೆಟ್ ಹರಿದುಕೊಟ್ಟ. "ನೋಡು, ಇವನೊಬ್ಬ ಗಂಡ ಯಾರು ಅಂತ ಕೇಳಲಿಲ್ಲ," ಎಂದಳು ಜಂಬವ್ವ. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಬಾಯಲ್ಲೇ ಜೋಡಿಸುತ್ತಿದ್ದಳು: ಹಿಂದಿನ ಕಾಲ, ಹಿರಿಯರ ತಪ್ಪು, ಮಕ್ಕಳದೇನು ತಪ್ಪು. ಕಾಲುವೆ ದಾಟಿ ಭತ್ತದ ಗದ್ದೆ ಶುರುವಾಗುವಷ್ಟರಲ್ಲಿ ಪಕ್ಕಕ್ಕೆ ತಿರುಗಿ ನೋಡಿದರೆ, ತಿಪ್ಪಕ್ಕ ಸೆರಗಿನ ಗಂಟಿನಿಂದ ಕುಂಕುಮ ತೆಗೆದು ಹಣೆಗೆ ಇಟ್ಟುಕೊಳ್ಳುತ್ತಿದ್ದಳು. ಬಸ್ಸು ಕುಲುಕಿ ಬೊಟ್ಟು ಸೊಟ್ಟಗಾಗಿತ್ತು. ಜಂಬವ್ವ ಏನೂ ಹೇಳದೆ ಬೆರಳಿನಿಂದ ಸರಿಮಾಡಿದಳು.

ವಿರುಪಮ್ಮನ ಗಂಡ ಅಕ್ಕಿ ಗಿರಣಿಯಲ್ಲಿ ಹಮಾಲರ ಮೇಸ್ತ್ರಿ. ಅಂಗಳದಲ್ಲಿ ನುಚ್ಚು ಕೇರುತ್ತಿದ್ದ ವಿರುಪಮ್ಮ, "ಬರ್ರಿ ಬರ್ರಿ, ಕುಂದ್ರಿ," ಎಂದು ಚಾಪೆ ಹಾಸಿದವಳು ತಿಪ್ಪಕ್ಕನ ಹಣೆ ನೋಡಿ ನಿಂತಳು.

"ಇದೇನು ಬೀಗತಿ, ಕುಂಕುಮ?"

ಜಂಬವ್ವ ಬಾಯಿ ತೆರೆಯುವಷ್ಟರಲ್ಲಿ ತಿಪ್ಪಕ್ಕ ಹೇಳಿಬಿಟ್ಟಳು. "ನನಗ ಗಂಡ ಸತ್ತಿಲ್ರಿ. ಗಂಡನೇ ಇದ್ದಿಲ್ಲ. ಸಣ್ಣಾಕಿದ್ದಾಗ ಮುತ್ತು ಕಟ್ಟಿಸಿದ್ರು. ಅನುಸೂಯಾ, ದುರುಗೇಶ ನನ್ನ ಮಕ್ಕಳು. ಅಣ್ಣ ಹೆಸರು ಕೊಟ್ಟಾನ, ಅಷ್ಟ."

ಬಸ್ಸಿನಲ್ಲಿ ಜೋಡಿಸಿದ ಮಾತೆಲ್ಲ ಜಂಬವ್ವನ ಗಂಟಲಲ್ಲೇ ಉಳಿಯಿತು. ವಿರುಪಮ್ಮ ಮೊರವನ್ನು ಗೋಡೆಗೆ ಆನಿಸಿದಳು.

"ಮದುವಿಗೆ ಮುಂಚೆ ಹೇಳಬೇಕಿತ್ತು."

"ಹೇಳಿದ್ರ ನೀವು ಮಾಡ್ಕೊಂತಿದ್ರೇನು?" ಜಂಬವ್ವ ಕೇಳಿದಳು.

"ಮಾಡ್ಕೊಂತಿದ್ದಿಲ್ಲ."

"ಅದಕ್ಕ ಹೇಳಲಿಲ್ಲ."

"ನನ್ನ ಮಗಗ ಗೊತ್ತೈತೇನು?"

"ಮೊದಲಿಂದ ಗೊತ್ತೈತಿ."

ಅದು ವಿರುಪಮ್ಮನಿಗೆ ಎಲ್ಲಕ್ಕಿಂತ ಹೆಚ್ಚು ಚುಚ್ಚಿದಂತೆ ಕಂಡಿತು. ಒಳಗೆ ಹೋದವಳು ಬಹಳ ಹೊತ್ತು ಬರಲಿಲ್ಲ. ಜಂಬವ್ವ ಏಳೋಣ ಎಂದು ಸನ್ನೆ ಮಾಡಿದಳು, ತಿಪ್ಪಕ್ಕ ಕದಲಲಿಲ್ಲ. ಕೊನೆಗೆ ವಿರುಪಮ್ಮ ಎರಡು ಲೋಟ ಚಹಾ ತಂದು ನೆಲಕ್ಕಿಟ್ಟಳು. ಕೈಗೆ ಕೊಡಲಿಲ್ಲ.

"ಕೂಸಿಗೆ ಎಣ್ಣಿ ಹಚ್ಚಿ ಎರಿಯಾಕ ಬರತೈತೇನು ನಿಮಗ?"

"ನಮ್ಮ ಓಣಿ ಅರ್ಧ ಕೂಸುಗಳಿಗೆ ನಾನೇ ಎರದೀನ್ರಿ," ಎಂದಳು ತಿಪ್ಪಕ್ಕ.

"ಹಂಗಾರ ನೀವೇ ಹೋಗ್ರಿ. ಮಗಳ ಬಾಣಂತನ ತಾಯಿದು. ನನ್ನ ಮುಂದ ಹೇಳಿದ್ದು ಸಾಕು, ನಮ್ಮ ಓಣ್ಯಾಗ ಯಾರ ಮುಂದೂ ಹೇಳಬ್ಯಾಡ್ರಿ."

ಬಾಗಿಲ ತನಕ ಬಂದು ಕಳಿಸುವ ಪದ್ಧತಿ. ಅಂದು ವಿರುಪಮ್ಮ ಬರಲಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಇಬ್ಬರೂ ಮಂಡಕ್ಕಿ ಮಿರ್ಚಿ ತಿಂದರು. ಮಿರ್ಚಿಯ ಖಾರಕ್ಕೋ ಏನೋ ತಿಪ್ಪಕ್ಕನ ಕಣ್ಣಲ್ಲಿ ನೀರು ಬಂತು, ಜಂಬವ್ವನ ಕಣ್ಣಲ್ಲಿಯೂ ಬಂತು.

ಹೊಸಪೇಟೆ ನೋಟರಿಯ ಮುಂದೆ ಕೆಲಸ ಅರ್ಧ ಗಂಟೆಯದು. ಕೆಂಚಣ್ಣ ಓದಿಸಿ ಕೇಳಿ, ಇನ್ನೊಮ್ಮೆ ಓದಿಸಿ, ಸಹಿ ಮಾಡಿದ. ತಿಪ್ಪಕ್ಕನ ಸರದಿ ಬಂದಾಗ ಟೈಪಿಸ್ಟು ತಲೆಯೆತ್ತದೆಯೇ, "ಗಂಡನ ಹೆಸರು?" ಎಂದ.

"ಇಲ್ಲ ಅಂತ ಬರೀರಿ."

"ಇಲ್ಲ ಅಂದ್ರ? ತೀರಿಹೋಗ್ಯಾರ? ಬಿಟ್ಟಾರ?"

"ಇದ್ದೇ ಇಲ್ಲ ಅಂತ ಬರೀರಿ," ಎಂದಳು. ಸೀರೆಯ ಮಡಿಕೆಯಿಂದ ಪ್ಲಾಸ್ಟಿಕ್ ಚೀಲ ತೆಗೆದು, ಅದರೊಳಗಿದ್ದ ಮಾಜಿ ದೇವದಾಸಿಯರ ಗುರುತಿನ ಚೀಟಿಯನ್ನು ಮೇಜಿನ ಮೇಲಿಟ್ಟಳು. ಸರ್ಕಾರದ ಸಮೀಕ್ಷೆ ಬಂದಾಗ ಬರೆಸಿಕೊಂಡದ್ದು. ಇದುವರೆಗೆ ಮಗನಿಗೂ ತೋರಿಸಿರಲಿಲ್ಲ. ಕಾವ್ಯ ಅದನ್ನು ಎರಡೂ ಕಡೆ ನೋಡಿ, "ಇಷ್ಟು ದಿನ ಎಲ್ಲಿತ್ತವ್ವ ಇದು? ಇದಕ್ಕಿಂತ ಬ್ಯಾರೆ ಸಾಕ್ಷಿ ಏನು ಬೇಕು," ಎಂದಳು.

"ತೋರಿಸಾಕ ನಾಚಿಕಿ ಆಗ್ತಿತ್ತವ್ವ."

"ನಾಚಿಕಿ ಪಡಬೇಕಾದವರು ಬ್ಯಾರೆ ಅದಾರ," ಎಂದಳು ಕಾವ್ಯ.

ದುರುಗೇಶ್ ತಾಯಿಯನ್ನು ಬೆಂಗಳೂರಿಗೆ ಕರೆದುಕೊಂಡು ಹೋಗಿ ಬೆರಳಚ್ಚು ಕೊಡಿಸಿ ಬಂದ. ಹಿಂದಿನ ಎರಡು ಅರ್ಜಿಗಳಲ್ಲಿ ತಪ್ಪು ಬರೆದದ್ದೇಕೆ ಎಂಬುದನ್ನೂ ಬರೆದು ಜೊತೆಗಿಟ್ಟಿದ್ದರು. ಆಮೇಲೆ ಕಾಯುವುದೊಂದೇ ಕೆಲಸ. ಮೊದಲ ವಾರ ಯಾರೂ ಆ ಮಾತು ಎತ್ತಲಿಲ್ಲ. ಎರಡನೇ ವಾರ ತಿಪ್ಪಕ್ಕನ ಚಟ್ನಿಗೆ ಉಪ್ಪು ಹೆಚ್ಚಾಗತೊಡಗಿತು, ಗಿರಾಕಿಗಳು ಗೊಣಗಿದರು. ಮೂರನೇ ವಾರ ಅನುಸೂಯಾಳಿಗೆ ಡಾಕ್ಟರು ಇನ್ನು ಇಪ್ಪತ್ತು ದಿನ ಎಂದರು. ಕೆಂಚಣ್ಣ ಕೊರಿಯರ್ ಹುಡುಗನ ಬೈಕಿನ ಸದ್ದಿಗೆಲ್ಲ ಗಲ್ಲಾ ಬಿಟ್ಟು ಎದ್ದು ರಸ್ತೆಗೆ ಹೋಗುತ್ತಿದ್ದ, ಬರಿಗೈಯಲ್ಲಿ ಬರುತ್ತಿದ್ದ.

ಶುಕ್ರವಾರ ಹನ್ನೊಂದು ಗಂಟೆಗೆ ಲಕೋಟೆ ಬಂತು. ಹೋಟೆಲಿನಲ್ಲಿ ಆರೇಳು ಜನ ಗಿರಾಕಿಗಳು. ದುರುಗೇಶ್ ಹಲ್ಲಿನಿಂದ ಲಕೋಟೆ ಹರಿದ, ಪಾಸ್‌ಪೋರ್ಟಿನ ಹಾಳೆ ತಿರುವಿದ. ಹಾಳೆಗೆ ಅಂಟಿಸಿದ ವೀಸಾ ಚೀಟಿಯಲ್ಲಿ ತಾಯಿಯ ಫೋಟೋ.

"ಬಂತು," ಎಂದ. ಪಾಸ್‌ಪೋರ್ಟನ್ನು ಎತ್ತಿ ಎಲ್ಲರಿಗೂ ತೋರಿಸಿದ. ಕೆಂಚಣ್ಣ ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡು, ಎಲ್ಲರಿಗೂ ಚಹಾ ಕೊಡು ಎಂದು ಕೂಗಿದ. ಜಂಬವ್ವನಿಗೆ ತಾನು ಹೋಗಲಾಗಲಿಲ್ಲವಲ್ಲ ಎಂಬ ಸಂಕಟ ಒಂದು ಗಳಿಗೆ ಬಂದು ಹೋಯಿತು. ಹೋದಮೇಲೆ ಸಂತೋಷವೇ ಉಳಿಯಿತು.

ತಿಪ್ಪಕ್ಕ ಮಾತ್ರ ನಗಲಿಲ್ಲ. ಕೈ ಒರೆಸಿಕೊಂಡು ಬಂದು ಚೀಟಿಯನ್ನು ಮುಟ್ಟಿದಳು. "ಗಂಡನ ಜಾಗದಾಗ ಏನು ಬರದಾರ ಓದು."

"ಗಂಡನ ಜಾಗಾನೇ ಇಲ್ಲವ್ವ ಇದರಾಗ."

"ಅಣ್ಣನ ಹೆಸರು?"

"ಅದೂ ಇಲ್ಲ."

"ನಮ್ಮಪ್ಪಂದು?"

"ಯಾರದೂ ಇಲ್ಲ. ಬರೇ ನಿನ್ನ ಹೆಸರೈತಿ."

ತಿಪ್ಪಕ್ಕ ಅಲ್ಲಿದ್ದ ಬೆಂಚಿನ ಮೇಲೆ, ಗಿರಾಕಿಗಳ ನಡುವೆ ಕೂತಳು. ಆ ಹೋಟೆಲು ಶುರುವಾದಾಗಿನಿಂದ ಅವಳು ಆ ಬೆಂಚಿನ ಮೇಲೆ ಕೂತದ್ದನ್ನು ಜಂಬವ್ವ ನೋಡಿರಲಿಲ್ಲ.

"ಇನ್ನೊಂದು ಸರ್ತಿ ಓದಪ್ಪ," ಎಂದಳು.

ದುರುಗೇಶ್ ಓದಿದ.